ನೋಡುವ ಮೊದಲೇ ನೋಡಿದ ಕ್ಯೋಟೋ

ಬರುವ ಫೆಬ್ರವರಿಯಲ್ಲಿ ಒಸಾಕಾದಲ್ಲೊಂದು ವಿಚಾರ ಸಂಕಿರಣವಿದೆ. ಅಲ್ಲಿ ಪ್ರಬಂಧ ಓದಿದ ಮೇಲೆ ನನ್ನ ಕೈಯಲ್ಲಿ ಉಳಿಯುವುದು ಮೂರು ದಿನ ಮತ್ತು ಫೆಲೋಶಿಪ್ಪಿನ ಹಣದಲ್ಲಿ ಮಿಗಿಸಿಕೊಂಡ ಒಂದಿಷ್ಟು ಯೆನ್. ಕ್ಯೋಟೋ ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ರಾಜಧಾನಿಯಾಗಿದ್ದ, ಓಣಿಗೊಂದು ಬೌದ್ಧ ದೇಗುಲವಿರುವ ಊರು. ಅಷ್ಟು ಹತ್ತಿರ ಹೋಗಿ ನೋಡದೆ ಬರುವ ಮಾತೇ ಇಲ್ಲ. ಆದರೆ ಮೂರು ದಿನದಲ್ಲಿ ಏನು ನೋಡುವುದು, ಏನು ಬಿಡುವುದು?

ಈ ತಯಾರಿಯಲ್ಲಿ ನನ್ನ ಮೇಜಿನ ಮೇಲೆ ಎರಡು ಪಟ್ಟಿಗಳಾದವು. ಒಂದು, ಪ್ರವಾಸಿ ಪುಸ್ತಕಗಳು ಒಂದೇ ಬಾಯಿಂದ ಹೇಳುವ ಪಟ್ಟಿ: ಕಿಂಕಾಕು-ಜಿ ಎಂಬ ಹೊನ್ನಿನ ಮಂಟಪ, ಕಿಯೊಮಿಝು ದೇಗುಲ, ಫುಶಿಮಿ ಇನಾರಿಯ ಕೆಂಪು ಕಮಾನುಗಳು, ಅರಾಶಿಯಾಮಾದ ಬಿದಿರು ಮೆಳೆ, ಗಿಯೊನ್ ಓಣಿಗಳು. ಇನ್ನೊಂದು, ಸಂಶೋಧನೆಯ ನೆಪದಲ್ಲಿ ಮತ್ತೆ ಮತ್ತೆ ಓದಿದ ನಾಲ್ಕು ಕೃತಿಗಳಿಂದ ನಾನೇ ಎತ್ತಿಕೊಂಡ ಪಟ್ಟಿ. ಯುಕಿಯೊ ಮಿಶಿಮಾನ ‘ಕಿಂಕಾಕು-ಜಿ’, ಯಸುನಾರಿ ಕವಾಬಾತಾನ ‘ಕೋತೊ’ (ಹಳೆಯ ರಾಜಧಾನಿ), ಜುನಿಚಿರೊ ತಾನಿಜಾಕಿಯ ‘ಮಾಕಿಯೋಕಾ ಸೋದರಿಯರು’, ತ್ಸುತೋಮು ಮಿಜುಕಾಮಿಯ ‘ಗಾನ್ ನೊ ತೆರಾ’ (ಕಾಡುಬಾತುಗಳ ದೇಗುಲ). ಎರಡನ್ನೂ ಪಕ್ಕಪಕ್ಕ ಇಟ್ಟರೆ ಅರ್ಧಕ್ಕರ್ಧ ಒಂದೇ! ಕಾದಂಬರಿ ಓದುವವರು ಬೇರೆ ಊರನ್ನು ಕಾಣುತ್ತಾರೆ ಎಂದುಕೊಳ್ಳುವ ನನ್ನಂಥವರಿಗೆ ಇದು ಸ್ವಲ್ಪ ಮುಜುಗರದ ಸಂಗತಿ. ಹಾಗಾದರೆ ಈ ಪುಸ್ತಕಗಳು ನಮ್ಮನ್ನು ಆ ಊರಿಗೆ ಹೇಗೆ ಸಜ್ಜು ಮಾಡುತ್ತವೆ? ಅವು ಕಣ್ಣು ತೆರೆಸುತ್ತವೆಯೋ, ಕಣ್ಣಿಗೆ ಮೊದಲೇ ಬಣ್ಣ ಹಚ್ಚುತ್ತವೆಯೋ?

ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಳ್ಳುವ ಕಾದಂಬರಿ ಮಿಶಿಮಾನದು. 1956ರಲ್ಲಿ ಬಂದ ‘ಕಿಂಕಾಕು-ಜಿ’ಯನ್ನು ಸೌಂದರ್ಯದ ಕುರಿತ ಕಾದಂಬರಿ ಎಂದು ಓದುವುದು ರೂಢಿ. ನನಗೆ ಅದು ಮೊದಲಿಗೆ ನಿರೀಕ್ಷೆಯ ಕಾದಂಬರಿಯಾಗಿ ಕಾಣುತ್ತದೆ. ಕಡಲ ತೀರದ ಬಡ ಹಳ್ಳಿಯೊಂದರ ಪುರೋಹಿತನ ಮಗ ಮಿಜೊಗುಚಿ. ಉಗ್ಗುವ ಹುಡುಗ. ಭೂಮಿಯ ಮೇಲೆ ಕಿಂಕಾಕುವಿನಷ್ಟು ಚೆಂದದ್ದು ಬೇರಿಲ್ಲ ಎಂದು ತಂದೆ ಹೇಳಿದ್ದನ್ನು ಕೇಳಿಯೇ ಅವನು ಬೆಳೆಯುತ್ತಾನೆ. ನೋಡದ ಮಂಟಪ ಅವನೊಳಗೆ ದಿನದಿನಕ್ಕೂ ದೊಡ್ಡದಾಗುತ್ತದೆ. ಕೊನೆಗೊಮ್ಮೆ ಕಾಯಿಲೆಯ ತಂದೆ ಅವನನ್ನು ಕರೆದುಕೊಂಡು ಹೋಗಿ ಕೊಳದ ದಡದಲ್ಲಿ ನಿಲ್ಲಿಸಿದಾಗ ಕಾಣುವುದು ಮೂರಂತಸ್ತಿನ, ಕಪ್ಪಿಟ್ಟ, ಹಳೆಯ ಕಟ್ಟಡ. ಹುಡುಗನಿಗೆ ಏನೂ ಅನ್ನಿಸುವುದಿಲ್ಲ. ಮಂಟಪದೊಳಗೆ ಗಾಜಿನ ಪೆಟ್ಟಿಗೆಯಲ್ಲಿಟ್ಟ ಅದರದೇ ಪುಟ್ಟ ಮಾದರಿ ಅವನಿಗೆ ಅಸಲಿಗಿಂತ ಹಿಡಿಸುತ್ತದೆ. ಊರಿಗೆ ಮರಳಿದ ಮೇಲೆ ನೆನಪಿನಲ್ಲಿ ಮಂಟಪ ಮತ್ತೆ ಹೊಳೆಯತೊಡಗುತ್ತದೆ.

ಪ್ರವಾಸ ಹೋಗಿ ಬಂದ ಯಾರಿಗಾದರೂ ಇದು ಗೊತ್ತಿರುವ ಅನುಭವವೇ. ನೋಡುವ ಮುಂಚೆ ಚೆಂದ, ನೋಡಿದ ಮೇಲೆ ಚೆಂದ, ನೋಡುವಾಗ ಮಾತ್ರ ಕಾಲು ನೋವು. ಆದರೆ ಮಿಶಿಮಾನ ಪುಟಗಳನ್ನು ದೇಗುಲದ ಇತಿಹಾಸದ ಜೊತೆಗಿಟ್ಟು ಓದಿದಾಗ ಇನ್ನೊಂದು ವಿಚಿತ್ರ ಕಾಣಿಸುತ್ತದೆ. ಕಿಂಕಾಕು-ಜಿಯ ಅಧಿಕೃತ ಹೆಸರು ರೊಕುಓನ್-ಜಿ. 1397ರಲ್ಲಿ ಶೋಗುನ್ ಅಶಿಕಾಗಾ ಯೊಶಿಮಿತ್ಸು ಕಟ್ಟಿಸತೊಡಗಿದ ಅರಮನೆಯ ಭಾಗ ಅದು. ಅವನು ತೀರಿಕೊಂಡ ಮೇಲೆ ಝೆನ್ ದೇಗುಲವಾಯಿತು. ಶತಮಾನಗಳ ಬಿಸಿಲು ಮಳೆಗೆ ಅದರ ಹೊನ್ನು ಬಹುಮಟ್ಟಿಗೆ ಉದುರಿಹೋಗಿತ್ತು. 1950ರ ಜುಲೈ 2ರ ಬೆಳಗಿನ ಜಾವ ಅಲ್ಲಿಯ ಕಿರಿಯ ಭಿಕ್ಷುವೊಬ್ಬ ಬೆಂಕಿಯಿಟ್ಟು ಅದನ್ನು ಸುಟ್ಟ. 1955ರಲ್ಲಿ ಅದೇ ಜಾಗದಲ್ಲಿ, ಮೇಜಿ ಕಾಲದ ದುರಸ್ತಿಯ ವೇಳೆ ಬರೆದಿಟ್ಟ ನಕ್ಷೆಗಳನ್ನು ಆಧರಿಸಿ ಮತ್ತೆ ಕಟ್ಟಿದರು, ಮೇಲಿನೆರಡು ಅಂತಸ್ತಿಗೆ ಹೊಸ ಹೊನ್ನಿನ ತಗಡು ಹೊದಿಸಿದರು. ಅದೂ ಮಾಸಿದಾಗ, 1987ರ ಹೊತ್ತಿಗೆ, ಮೊದಲಿಗಿಂತ ದಪ್ಪನೆಯ ತಗಡು ಹಚ್ಚಿದರು.

ಅಂದರೆ ಇಂದು ಪ್ರವಾಸಿಗರು 500 ಯೆನ್ ಕೊಟ್ಟು ನೋಡುವ ಮಂಟಪ ಆ ಹುಡುಗ ದಡದಲ್ಲಿ ನಿಂತು ನೋಡಿದ್ದಲ್ಲ. ನೋಡುವ ಮೊದಲು ಅವನ ತಲೆಯಲ್ಲಿ ಹೊಳೆಯುತ್ತಿತ್ತಲ್ಲ, ಅದು. ಅವನನ್ನು ನಿರಾಸೆಗೊಳಿಸಿದ ಕಪ್ಪು ಕಟ್ಟಡ ಬೂದಿಯಾಯಿತು. ಅವನ ಕಲ್ಪನೆ ಮರ, ಅರಗು, ಹೊನ್ನಿನಲ್ಲಿ ಎದ್ದು ನಿಂತಿತು. ಗಾಜಿನ ಪೆಟ್ಟಿಗೆಯ ಮಾದರಿಯೇ ಹೊರಗೆ ಬಂದು ಕೊಳದ ಪಕ್ಕ ಕೂತಂತೆ. ಹಾಗಂತ ಇದನ್ನು ‘ನಕಲಿ’ ಎಂದು ಮೂಗು ಮುರಿಯುವುದು ಸುಲಭ, ಆದರೆ ಸರಿಯಲ್ಲ. 1994ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಪ್ರಾಚೀನ ಕ್ಯೋಟೋದ 17 ತಾಣಗಳಲ್ಲಿ ಇದೂ ಇದೆ. ಮರದಲ್ಲಿ ಕಟ್ಟುವ ನಾಡಿನಲ್ಲಿ ಸುಡುವುದು, ಮತ್ತೆ ಕಟ್ಟುವುದು ದೇಗುಲದ ಬಾಳಿನ ಭಾಗವೇ. ನನ್ನ ಮಾತು ಇಷ್ಟೇ: ನಿರಾಸೆಯಾಗದಂತೆ ಕಟ್ಟಿದ ಮಂಟಪವೊಂದು ಅಲ್ಲಿದೆ ಎಂದು ತಿಳಿದುಕೊಂಡು ಹೋಗಬೇಕು. ಮಿಜೊಗುಚಿಗೆ ಸಿಕ್ಕ ನಿರಾಸೆ ಇಂದಿನ ಪ್ರವಾಸಿಗೆ ಸಿಗುವುದು ಕಷ್ಟ. ಆ ನಿರಾಸೆಯಲ್ಲಿಯೇ ಅವನು ಒಂದು ಗಳಿಗೆ ಮಂಟಪವನ್ನು ಇದ್ದ ಹಾಗೆ ನೋಡಿದ್ದ.

ಮಿಶಿಮಾಗಿಂತ ತಣ್ಣಗೆ ಈ ಊರನ್ನು ನೋಡಿದವರು ತಾನಿಜಾಕಿ ಮತ್ತು ಕವಾಬಾತಾ. ಇವರಿಬ್ಬರ ಕ್ಯೋಟೋದಲ್ಲಿ ಜಾಗಕ್ಕಿಂತ ದಿನಾಂಕ ಮುಖ್ಯ. ‘ಮಾಕಿಯೋಕಾ ಸೋದರಿಯರು’ ಕಾದಂಬರಿಯ ಒಸಾಕಾ ಮೂಲದ ಅಕ್ಕತಂಗಿಯರು ಪ್ರತಿ ವಸಂತದಲ್ಲಿ ಚೆರಿ ಹೂ ನೋಡಲು ಕ್ಯೋಟೋಗೆ ಹೋಗುತ್ತಾರೆ. ಪ್ರತಿ ವರ್ಷ ಅದೇ ದಾರಿ: ಸಂಜೆಗೆ ಗಿಯೊನ್, ಮರುದಿನ ಸಾಗಾ, ಅರಾಶಿಯಾಮಾದ ಹೊಳೆ ದಂಡೆಯಲ್ಲಿ ಬುತ್ತಿ, ಕೊನೆಗೆ ಹೇಯಾನ್ ಮಂದಿರದ ಜೋಲು ಚೆರಿಮರಗಳು. ಅತಿ ಚೆಂದದ್ದನ್ನು ಕೊನೆಗೆ ಉಳಿಸಿಕೊಳ್ಳುವುದೂ ರೂಢಿಯ ಭಾಗ. ಹೂ ಉದುರಿಹೋಗಿರಬಹುದೇ ಎಂಬ ಆತಂಕದ ಜೊತೆ ಸಚಿಕೊಗೆ ಇನ್ನೊಂದು ಆತಂಕ: ಮದುವೆಗೆ ನಿಂತ ತಂಗಿ ಯುಕಿಕೊ ಮುಂದಿನ ವರ್ಷ ನಮ್ಮ ಜೊತೆ ಇರುತ್ತಾಳೋ ಇಲ್ಲವೋ. ಹೂವಿನ ಚೆಂದ ಇಲ್ಲಿ ಹೂವಿನಲ್ಲಷ್ಟೇ ಇಲ್ಲ, ಹೋದ ವರ್ಷ ಇದೇ ಮರದ ಕೆಳಗೆ ನಿಂತವರ ಲೆಕ್ಕದಲ್ಲಿ ಇದೆ. ಯುದ್ಧಕಾಲದಲ್ಲಿ, 1943ರಲ್ಲಿ, ಸೇನೆಯ ಒತ್ತಡದಿಂದ ಈ ಕಾದಂಬರಿಯ ಧಾರಾವಾಹಿಯನ್ನು ನಿಲ್ಲಿಸಬೇಕಾಯಿತು. ಯುದ್ಧದ ಹೊತ್ತಿನಲ್ಲಿ ಹೆಂಗಸರ ಸೀರೆ-ಸಂಬಂಧದಂಥ ಮನೆವಾರ್ತೆ ಯಾಕೆ ಎಂಬುದು ಆಳುವವರ ಧೋರಣೆ. ಅಕ್ಕತಂಗಿಯರು ಹೂ ನೋಡುವ ಕಥೆಗೂ ಸೇನೆ ಹೆದರಿತು ಎಂದರೆ ಆ ಹೂವಿನಲ್ಲಿ ಏನೋ ಇದ್ದಿರಬೇಕು.

ಮೊದಲ ಸಲ, ಪ್ರಾಯಶಃ ಒಂದೇ ಸಲ, ಹೋಗುವ ನನ್ನಂಥವರಿಗೆ ತಾನಿಜಾಕಿ ಹೇಳುವ ನೋಟ ದಕ್ಕುವುದಿಲ್ಲ. ಚೆರಿ ಕಾಲದ ಕೋಣೆ ಬಾಡಿಗೆ ಕೇಳಿದರೇ ಸಾಕು, ಆಸೆ ಬಾಡಿಹೋಗುತ್ತದೆ. ಅದು ದುಡ್ಡಿನ ಮಾತು. ಅದಕ್ಕಿಂತ ದೊಡ್ಡ ಮಾತು, ಆ ಮರಗಳ ಕೆಳಗೆ ನನಗೆ ಹೋದ ವರ್ಷವಿಲ್ಲ.

1961-62ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕವಾಬಾತಾನ ‘ಕೋತೊ’ ಹೊರನೋಟಕ್ಕೆ ಪಕ್ಕಾ ಪ್ರವಾಸಿ ಕ್ಯಾಲೆಂಡರಿನಂತಿದೆ. ವಸಂತಕ್ಕೆ ಹೇಯಾನ್ ಮಂದಿರದ ಚೆರಿ, ಜುಲೈಗೆ ಗಿಯೊನ್ ಹಬ್ಬ, ಆಗಸ್ಟಿಗೆ ಬೆಟ್ಟದ ಮೇಲೆ ಉರಿಯುವ ‘ದೊಡ್ಡ’ ಎಂಬ ಅಕ್ಷರ, ಅಕ್ಟೋಬರಿಗೆ ಯುಗಗಳ ಮೆರವಣಿಗೆ, ಕೊನೆಗೆ ಹಿಮ. 1968ರ ನೊಬೆಲ್ ಹೊತ್ತಿನಲ್ಲಿ ಹೆಸರಾದ ಅವನ ಮೂರು ಕೃತಿಗಳಲ್ಲಿ ಇದೂ ಒಂದು. ಹಳೆಯ ಜಪಾನಿನ ಚೆಂದದ ಚಿತ್ರಸಂಪುಟ ಎಂದು ಇದನ್ನು ಮೆಚ್ಚುವವರೂ ಇದ್ದಾರೆ, ಅದೇ ಕಾರಣಕ್ಕೆ ಬೇಸರಪಡುವವರೂ ಇದ್ದಾರೆ. ಇಬ್ಬರೂ ಒಂದು ವಿಷಯ ಬಿಟ್ಟುಬಿಡುತ್ತಾರೆ ಅನ್ನಿಸುತ್ತದೆ. ಈ ಹಳೆಯ ರಾಜಧಾನಿಯ ಒಳಗೆಲ್ಲ ಹೊಸದೇ ತುಂಬಿದೆ. ಹೇಯಾನ್ ಮಂದಿರವನ್ನು ಕಟ್ಟಿದ್ದು 1895ರಲ್ಲಿ, ರಾಜಧಾನಿಯಾಗಿ 1100 ವರ್ಷ ತುಂಬಿದ ನೆನಪಿಗೆ, ಹಳೆಯ ಅರಮನೆಯ ಸಣ್ಣ ಅಳತೆಯ ಪ್ರತಿರೂಪವಾಗಿ. ಯುಗಗಳ ಮೆರವಣಿಗೆ ಹುಟ್ಟಿದ್ದೂ ಅದೇ ವರ್ಷ. ಕಾದಂಬರಿಯ ಪಾತ್ರಗಳು ಅಡ್ಡಾಡುವ ಸಸ್ಯೋದ್ಯಾನ ಯುದ್ಧದ ನಂತರ ಅಮೆರಿಕನ್ನರ ವಶದಲ್ಲಿದ್ದು ಆಗಷ್ಟೇ ಮತ್ತೆ ತೆರೆದದ್ದು. ಅಲ್ಲಿ ಅರಳಿರುವುದು ಟ್ಯುಲಿಪ್. ಊರಿನ ಹಳೆಯ ಕಿತಾನೊ ಟ್ರಾಮ್ ಕೊನೆಯ ದಿನಗಳನ್ನು ಎಣಿಸುತ್ತಿದೆ. ಕಿಮೋನೊ ವ್ಯಾಪಾರಿ ತಾಕಿಚಿರೊ ಹೊಸ ವಿನ್ಯಾಸ ಹೊಳೆಯಲೆಂದು ಸಾಗಾದ ಸನ್ಯಾಸಿನಿಯರ ಮಠಕ್ಕೆ ಹೋಗಿ ಕೂರುತ್ತಾನೆ. ಅಲ್ಲಿ ಅವನಿಗೆ ಸ್ಫೂರ್ತಿ ಕೊಡುವುದು ಮಠವಲ್ಲ, ಮಗಳು ಕೊಟ್ಟ ಪಾಲ್ ಕ್ಲೇ ಚಿತ್ರಗಳ ಪುಸ್ತಕ. ಆ ವಿನ್ಯಾಸದಲ್ಲಿ ಜೀವವಿಲ್ಲ ಎಂದು ನಿಶಿಜಿನ್ ನೇಕಾರ ಹಿದೆಒ ಬಾಯಿಬಿಟ್ಟಾಗ ಯಜಮಾನ ಅವನ ಕೆನ್ನೆಗೆ ಹೊಡೆಯುತ್ತಾನೆ. ಮಗ್ಗದ ಮುಂದೆ ಕೂತವನಿಗೆ ಕಂಡದ್ದು ದೇಗುಲದಲ್ಲಿ ಕೂತವನಿಗೆ ಕಂಡಿರಲಿಲ್ಲ.

ಈ ಕೃತಿಗಳನ್ನೆಲ್ಲ ನಾನು ಓದಿದ್ದು ಇಂಗ್ಲಿಷಿನಲ್ಲಿ. ‘ಕೋತೊ’ದ ಪಾತ್ರಗಳು ಕ್ಯೋಟೋದ ಆಡುನುಡಿಯಲ್ಲಿ ಮಾತಾಡುತ್ತವಂತೆ, ಅದನ್ನು ಸರಿಪಡಿಸಲು ಕವಾಬಾತಾ ಅಲ್ಲಿಯವರ ನೆರವು ಪಡೆದಿದ್ದ. ಇಂಗ್ಲಿಷಿನಲ್ಲಿ ಎಲ್ಲರೂ ಒಂದೇ ಸಪಾಟು ದನಿಯಲ್ಲಿ ಮಾತಾಡುತ್ತಾರೆ. ಬೇಂದ್ರೆಯವರ ಧಾರವಾಡವನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸಿದರೆ ಏನು ಉಳಿದೀತು ಎಂದು ಯೋಚಿಸಿದರೆ ನನಗೆ ಏನು ತಪ್ಪಿಹೋಗಿದೆ ಎಂಬುದು ಅಂದಾಜಾಗುತ್ತದೆ. ಪುಸ್ತಕದಿಂದ ಊರನ್ನು ನೋಡಿಬಿಟ್ಟೆ ಎಂದು ಬೀಗುವವರು ಈ ಸೋರಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಕು.

ಸೋರಿಹೋಗದೆ ಉಳಿದದ್ದೂ ಇದೆ, ಅದು ನಾಎಕೊಳ ಪಾತ್ರ. ಚಿಎಕೊ ಮತ್ತು ನಾಎಕೊ ಅವಳಿಗಳು. ಹಸುಗೂಸಾಗಿ ಬೀದಿಪಾಲಾದ ಚಿಎಕೊ ಕಿಮೋನೊ ವ್ಯಾಪಾರಿಯ ಸಾಕುಮಗಳಾಗಿ ಬೆಳೆದವಳು. ನಾಎಕೊ ಊರಾಚೆಯ ಕಿತಾಯಾಮಾದಲ್ಲಿ ದೇವದಾರು ದಿಮ್ಮಿಗಳನ್ನು ಉಜ್ಜಿ ನಯಮಾಡುವ ಕೂಲಿ. ಗಿಯೊನ್ ಹಬ್ಬದ ರಾತ್ರಿ ಹಿದೆಒ ನಾಎಕೊಳನ್ನು ಚಿಎಕೊ ಎಂದೇ ತಿಳಿಯುತ್ತಾನೆ. ಮುಂದೆ ಅವಳನ್ನೇ ಮದುವೆಯಾಗಲು ಕೇಳುತ್ತಾನೆ. ನಾಎಕೊಗೆ ಅದು ಸ್ಪಷ್ಟವಾಗಿ ಗೊತ್ತು: ಅವನು ನೋಡುತ್ತಿರುವುದು ತನ್ನನ್ನಲ್ಲ, ತನ್ನೊಳಗೆ ಅವನಿಗೆ ಕಾಣುವ ಚಿಎಕೊಳನ್ನು. ಅವಳು ಒಪ್ಪುವುದಿಲ್ಲ. ಅಕ್ಕತಂಗಿಯರು ಒಂದು ರಾತ್ರಿ ಒಟ್ಟಿಗೆ ಕಳೆದ ಮೇಲೆ ಬೆಳಗಿನ ಹಿಮದಲ್ಲಿ ಎದ್ದು ತನ್ನ ಕಾಡಿಗೆ ಹೊರಟುಬಿಡುತ್ತಾಳೆ. ಮಿಶಿಮಾನ ಮಂಟಪ ಮಾತಾಡಲಾರದು. ಹುಡುಗ ತನ್ನ ಮೇಲೆ ಹೊರಿಸಿದ ಕನಸನ್ನೆಲ್ಲ ಹೊತ್ತು ಸುಮ್ಮನೆ ನಿಲ್ಲಬೇಕು, ಕೊನೆಗೆ ಸುಡಬೇಕು. ನಾಎಕೊ ಮಾತಾಡುತ್ತಾಳೆ. ನೋಡಿಸಿಕೊಳ್ಳುವವರ ಕಡೆಯಿಂದ ಬಂದ ‘ಬೇಡ’ ಎಂಬ ಮಾತು ಅದು. 2024ರಲ್ಲಿ ಗಿಯೊನ್‌ನ ನಿವಾಸಿಗಳು ಖಾಸಗಿ ಓಣಿಗಳಿಗೆ ಪ್ರವಾಸಿಗರು ಬರಕೂಡದು, ಬಂದರೆ 10,000 ಯೆನ್ ದಂಡ ಎಂದು ಫಲಕ ಹಾಕಿದಾಗ ನನಗೆ ನೆನಪಾದದ್ದು ನಾಎಕೊ. ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳ ಬೆನ್ನು ಹತ್ತಿ ಫೋಟೋ ತೆಗೆಯುವವರೂ ಅವರನ್ನು ನೋಡುತ್ತಿರುವುದಿಲ್ಲ. ಎಲ್ಲೋ ಮೊದಲೇ ನೋಡಿದ ಚಿತ್ರವೊಂದನ್ನು ಅವರ ಮೈಮೇಲೆ ಹುಡುಕುತ್ತಿರುತ್ತಾರೆ.

ಹಾಗೆ ಅಳಿಸಿಹೋದವರಲ್ಲಿ ಕಿಂಕಾಕುವನ್ನು ಸುಟ್ಟ ಹುಡುಗನೂ ಒಬ್ಬ. ಅವನ ಹೆಸರು ಹಯಾಶಿ ಯೋಕೆನ್. ಬಡ ಹಳ್ಳಿ ದೇಗುಲವೊಂದರಲ್ಲಿ ಹುಟ್ಟಿದವನು, ಉಗ್ಗು ಅವನಿಗೂ ಇತ್ತು. ಬೆಂಕಿಯಿಟ್ಟ ಮೇಲೆ ಹಿಂದಿನ ಗುಡ್ಡದಲ್ಲಿ ಸಾಯಲು ಯತ್ನಿಸಿ ಸಿಕ್ಕಿಬಿದ್ದ. ಅವನ ತಾಯಿ ಪೊಲೀಸರ ವಿಚಾರಣೆ ಮುಗಿಸಿ ಊರಿಗೆ ಮರಳುವಾಗ ರೈಲಿನಿಂದ ಹೋಝು ನದಿಯ ಕಮರಿಗೆ ಹಾರಿ ಸತ್ತಳು. ಏಳು ವರ್ಷದ ಸಜೆಯಾದ ಅವನು ಕಾಯಿಲೆಯಿಂದ ಬೇಗ ಬಿಡುಗಡೆಯಾಗಿ 1956ರ ಮಾರ್ಚಿನಲ್ಲಿ ತೀರಿಕೊಂಡ. ಮಿಶಿಮಾನ ಕಾದಂಬರಿ ಆಗ ಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟವಾಗುತ್ತಿತ್ತು.

ಮಿಶಿಮಾ ಇದರಲ್ಲಿ ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಟ್ಟ. ಕಾದಂಬರಿಯ ತಾಯಿ ಕಮರಿಗೆ ಹಾರುವುದಿಲ್ಲ. ಅಸಹ್ಯ ಹುಟ್ಟಿಸುತ್ತ ಬದುಕಿಯೇ ಇರುತ್ತಾಳೆ. ನಾಯಕ ಕೊನೆಗೆ ಗುಡ್ಡದ ಮೇಲೆ ಸಿಗರೇಟು ಹಚ್ಚಿ ಬದುಕಬೇಕು ಎಂದುಕೊಳ್ಳುತ್ತಾನೆ. ಕಾದಂಬರಿಕಾರನಿಗೆ ಆ ಹಕ್ಕಿದೆ. ಮಿಶಿಮಾನ ಹುಡುಗ ಅದ್ಭುತವಾಗಿ ಯೋಚಿಸುತ್ತಾನೆ, ಅವನ ತರ್ಕದ ಹಿಡಿತದಿಂದ ಓದುಗ ತಪ್ಪಿಸಿಕೊಳ್ಳುವುದು ಕಷ್ಟ. ಯುದ್ಧದ ದಿನಗಳ ಭಾಗವಂತೂ ಅಪೂರ್ವ: ಬಾಂಬು ಬಿದ್ದು ಮಂಟಪವೂ ತಾನೂ ಒಟ್ಟಿಗೆ ಸುಡಬಹುದು ಎಂಬ ನಂಬಿಕೆಯಲ್ಲಿ ಮಾತ್ರ ಅವನಿಗೆ ಅದು ತನ್ನದೆನಿಸುತ್ತದೆ. ಅಣುಬಾಂಬಿನ ಗುರಿಗಳ ಪಟ್ಟಿಯಲ್ಲಿದ್ದ ಕ್ಯೋಟೋವನ್ನು ಅಮೆರಿಕದ ಯುದ್ಧಮಂತ್ರಿ ಹೆನ್ರಿ ಸ್ಟಿಮ್ಸನ್ ಹಟ ಹಿಡಿದು ತೆಗೆಸಿದ್ದು ನಮಗೆ ಗೊತ್ತು, ಹುಡುಗನಿಗೆ ಗೊತ್ತಿಲ್ಲ. ಯುದ್ಧ ಮುಗಿದಾಗ ಮಂಟಪ ಮತ್ತೆ ಎಟುಕದಷ್ಟು ಎತ್ತರಕ್ಕೆ ಹೋಗಿಬಿಡುತ್ತದೆ. ಇಷ್ಟೆಲ್ಲ ಒಪ್ಪಿಯೂ ಒಂದು ತಕರಾರು ಉಳಿಯುತ್ತದೆ. ಮಿಶಿಮಾ ತನ್ನ ಪ್ರಶ್ನೆಯನ್ನು ಆ ಹುಡುಗನ ಬಾಯಲ್ಲಿ ತುರುಕಿದ್ದಾನೆ. ಹಸಿವು, ಮಠದೊಳಗಿನ ಮೇಲುಕೀಳು, ಅವಮಾನಗಳೆಲ್ಲ ಸೌಂದರ್ಯ ಎಂಬ ಒಂದೇ ಪದದಲ್ಲಿ ಕರಗಿಹೋಗುತ್ತವೆ.

ಅದನ್ನು ಕರಗಲು ಬಿಡದವನು ಮಿಜುಕಾಮಿ. ಬಡಗಿಯ ಮಗ, ಎಳೆಯನಾಗಿದ್ದಾಗಲೇ ವಾಕಾಸಾದ ಬಡ ಹಳ್ಳಿಯಿಂದ ಕ್ಯೋಟೋದ ಝೆನ್ ಮಠಕ್ಕೆ ಕಳಿಸಲ್ಪಟ್ಟವನು. ಮನೆಯಲ್ಲಿ ತಿನ್ನುವ ಬಾಯಿ ಒಂದು ಕಡಿಮೆಯಾಗಲಿ, ಹುಡುಗ ನಾಲ್ಕಕ್ಷರ ಕಲಿಯಲಿ ಎಂದು ಮಕ್ಕಳನ್ನು ಮಠಕ್ಕೆ ಬಿಡುವ ಲೆಕ್ಕಾಚಾರ ನಮ್ಮ ಕಡೆಯವರಿಗೂ ಹೊಸತಲ್ಲ. ಅವನಿದ್ದ ಜುಯಿಶುನ್-ಇನ್ ಶೋಕೊಕು-ಜಿ ಎಂಬ ದೊಡ್ಡ ದೇಗುಲದ ಅಂಗ. ಕಿಂಕಾಕು-ಜಿಯೂ ಅದೇ ಶೋಕೊಕು-ಜಿಯ ಅಧೀನದ ದೇಗುಲ. ಅಲ್ಲಿಂದ ಓಡಿಹೋದ ಹುಡುಗ ದೊಡ್ಡವನಾಗಿ 1961ರಲ್ಲಿ ಬರೆದದ್ದು ‘ಗಾನ್ ನೊ ತೆರಾ’. ಅದಕ್ಕೆ ನವೊಕಿ ಪ್ರಶಸ್ತಿ ಬಂತು. ಅದರ ಕಿರಿಯ ಭಿಕ್ಷು ಜಿನೆನ್ ಹೊತ್ತಿಗೆ ಸರಿಯಾಗಿ ಏಳಲಿ ಎಂದು ಗುರು ಅವನ ಮಣಿಕಟ್ಟಿಗೆ ಹಗ್ಗ ಕಟ್ಟಿ ತನ್ನ ಕೋಣೆಯಿಂದ ಎಳೆಯುತ್ತಾನೆ. ದೇಗುಲದ ಹೆಮ್ಮೆ ಕದಗಳ ಮೇಲಿನ ಬಾತುಗಳ ಚಿತ್ರ. ಜಿನೆನ್ ಆ ಗುರುವನ್ನೇ ಕೊಂದು ಹೊರಟುಹೋಗುವಾಗ ಮರಿಗೆ ಉಣಿಸುವ ತಾಯಿಬಾತುವಿನ ಭಾಗವನ್ನಷ್ಟೇ ಹರಿದುಕೊಂಡು ಹೋಗುತ್ತಾನೆ. ಮಿಶಿಮಾನ ಹುಡುಗ ಇಡೀ ಮಂಟಪ ಸುಟ್ಟಾಗಲೂ ನನಗೆ ಇಷ್ಟು ಎದೆ ಹಿಂಡಿರಲಿಲ್ಲ. ಆ ಚಿತ್ರವನ್ನು ನೋಡಲು ಬಂದವರೆಲ್ಲ ಕುಂಚದ ಕೈಚಳಕ ನೋಡಿದರು. ಅದರ ಕೆಳಗೆ ದಿನವೂ ನೆಲ ಒರೆಸಿದ ಹುಡುಗ ತಾಯಿಯನ್ನು ನೋಡಿದ. ಮುಂದೆ 1979ರಲ್ಲಿ ಮಿಜುಕಾಮಿ ಕಿಂಕಾಕು ಬೆಂಕಿಯ ಕುರಿತೇ ಇನ್ನೊಂದು ಪುಸ್ತಕ ಬರೆದು ಹಯಾಶಿ ಮತ್ತವನ ತಾಯಿಯ ಬದುಕಿನ ಜಾಡು ಹಿಡಿದು ಹೋದ. ಮಿಶಿಮಾನದು ಜಗತ್ತಿನ ಭಾಷೆಗಳಿಗೆಲ್ಲ ಹೋಯಿತು. ಮಿಜುಕಾಮಿಯ ಹೆಸರು ಜಪಾನಿನ ಹೊರಗೆ ಕೇಳಿದವರು ಕಡಿಮೆ. ದೇಗುಲವನ್ನು ಎದುರಿನಿಂದ ನೋಡುವ ಪುಸ್ತಕಗಳಿಗೆ ಸಿಗುವ ಓದುಗರು ಹಿತ್ತಿಲಿನಿಂದ ನೋಡುವ ಪುಸ್ತಕಗಳಿಗೆ ಸಿಗುವುದಿಲ್ಲ.

ಈಗ ನನ್ನ ಪಟ್ಟಿಯ ಮಾತು. ಪಾಚಿಯ ತೋಟಕ್ಕೆ ಹೆಸರಾದ ಸಾಯ್‌ಹೋ-ಜಿ ಎಂಬ ದೇಗುಲ 1977ರಿಂದ ಮೊದಲೇ ಅರ್ಜಿ ಹಾಕಿದವರನ್ನಷ್ಟೇ ಒಳಗೆ ಬಿಡುತ್ತದೆ. ಬಂದವರು ಮೊದಲು ಕೂತು ಕುಂಚ ಹಿಡಿದು ಸೂತ್ರ ನಕಲು ಮಾಡಬೇಕು, ಆಮೇಲೆ ತೋಟ. ಕಣ್ಣಿಗಿಂತ ಮೊದಲು ಕೈಗೆ ಕೆಲಸ ಕೊಡುವ ಈ ಕ್ರಮ ನನಗೆ ಹಿಡಿಸಿತು, ಒಂದು ದಿನ ಅದಕ್ಕೆ. ಇನ್ನೊಂದು ದಿನ ಕಿತಾಯಾಮಾದ ದೇವದಾರು ಹಳ್ಳಿಗೆ. ಉಳಿದ ಒಂದು ದಿನ ನಡಿಗೆ. ಶೋಕೊಕು-ಜಿಯಿಂದ ಕಿಂಕಾಕು-ಜಿಗೆ ಪಶ್ಚಿಮಕ್ಕೆ ಮೂರು ಕಿಲೋಮೀಟರಿಗಿಂತ ತುಸು ಹೆಚ್ಚು, ನಡುವೆ ಸಿಗುವುದೇ ಹಿದೆಒನ ನೇಕಾರರ ಕೇರಿ ನಿಶಿಜಿನ್. ಮಿಜುಕಾಮಿಯ ಹಿತ್ತಿಲಿನಿಂದ ಹೊರಟು ಕವಾಬಾತಾನ ಮಗ್ಗಗಳ ನಡುವೆ ಹಾದು ಮಿಶಿಮಾನ ಕೊಳದ ದಡ ಸೇರುವ ದಾರಿ. ಬಸ್ಸಿನಲ್ಲಿ ನೇರ ಹೋಗಿ ಇಳಿದವರಿಗೆ ಹೊನ್ನು ಮೊದಲು ಸಿಗುತ್ತದೆ, ಅದರಾಚೆ ನೋಡಲು ಏನೂ ಉಳಿಯುವುದಿಲ್ಲ. ಈ ದಾರಿಯಲ್ಲಿ ಹೊನ್ನು ಕೊನೆಗೆ ಬರುತ್ತದೆ, ಅಷ್ಟರಲ್ಲಿ ಅದನ್ನು ಗುಡಿಸಿ ಒರೆಸಿದವರು, ನೇಯ್ದವರು, ಸುಟ್ಟವನು, ಅವನ ತಾಯಿ ಎಲ್ಲರೂ ಜೊತೆಗೆ ನಡೆದು ಬಂದಿರುತ್ತಾರೆ.

ಫೆಬ್ರವರಿಯಾದ್ದರಿಂದ ಹಿಮ ಬೀಳಬಹುದು, ಬೀಳದೆಯೂ ಇರಬಹುದು. ‘ಕಿಂಕಾಕು-ಜಿ’ಯಲ್ಲಿ ಹಿಮ ಬಿದ್ದ ಬೆಳಿಗ್ಗೆಯೊಂದರ ದೃಶ್ಯವಿದೆ. ಕುಡಿದ ಅಮೆರಿಕನ್ ಸೈನಿಕನೊಬ್ಬ ಹೆಣ್ಣೊಬ್ಬಳನ್ನು ಕರೆದುಕೊಂಡು ದೇಗುಲ ನೋಡಲು ಬರುತ್ತಾನೆ, ಮಿಜೊಗುಚಿ ಅವರಿಗೆ ದಾರಿ ತೋರಿಸಬೇಕು. ಸೈನಿಕ ಅವಳನ್ನು ಹಿಮದಲ್ಲಿ ಬೀಳಿಸಿ, ಹೊಟ್ಟೆಯ ಮೇಲೆ ಕಾಲಿಡು ಎಂದು ಹುಡುಗನಿಗೆ ಅಪ್ಪಣೆ ಮಾಡುತ್ತಾನೆ, ಹುಡುಗ ಇಡುತ್ತಾನೆ. ಪ್ರತಿಯಾಗಿ ಸಿಕ್ಕ ಸಿಗರೇಟಿನ ಎರಡು ಕಾರ್ಟನ್‌ಗಳನ್ನು ಗುರುವಿಗೆ ಒಪ್ಪಿಸುತ್ತಾನೆ. ಹಿಮ ಹೊದ್ದ ಕಿಂಕಾಕುವಿನ ಚಿತ್ರವನ್ನು ಪ್ರವಾಸಿ ಪುಸ್ತಕಗಳ ಮುಖಪುಟದಲ್ಲಿ ಕಂಡಾಗಲೆಲ್ಲ ನನ್ನ ಕಣ್ಣು ಮಂಟಪ ಬಿಟ್ಟು ಕೆಳಗಿನ ದಾರಿಯ ಮೇಲೆ ಹೋಗುತ್ತದೆ. ಅಲ್ಲಿ ಯಾರೋ ಬೆಳಿಗ್ಗೆಯೇ ಎದ್ದು ಹಿಮ ಗುಡಿಸಿರುತ್ತಾರೆ.